ದಿನಕ್ಕೊಂದೇ ಟಿಕೆಟ್, ಮಧ್ಯಾಹ್ನ ನಿದ್ದೆ: ಇಟಲಿಯಲ್ಲಿ ನಮ್ಮ ಎಂಟು ದಿನ

"ಅಷ್ಟು ದುಡ್ಡು ಸುರಿದು ರೋಮಿಗೆ ಹೋಗಿ ಮಧ್ಯಾಹ್ನ ಮಲಗ್ತೀಯಾ? ಮಲಗೋಕೆ ಸಾಗರದ ಮನೆ ಸಾಕಾಗಲ್ವಾ?" ಎಂದು ಕೇಳಿದ್ದು ನಮ್ಮ ಭಾವ. ಹತ್ತು ದಿನದಲ್ಲಿ ಏಳು ದೇಶ ಮುಗಿಸಿ ಬಂದವರು. ಅವರ ಮೊಬೈಲಿನಲ್ಲಿ ಪೀಸಾ ಗೋಪುರವನ್ನು ಕೈಯಲ್ಲಿ ತಡೆದು ನಿಲ್ಲಿಸಿದ ಫೋಟೊ ಒಂದಿದೆ, ಅಕ್ಕ ಬಸ್ಸಿನ ಕಿಟಕಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋದ ಫೋಟೊ ಹನ್ನೆರಡಿವೆ. ಆಗ ನಾನು ಎದುರು ಮಾತಾಡಲಿಲ್ಲ. 2024ರ ನವೆಂಬರಿನಲ್ಲಿ ಹೋಗಿ ಬಂದು, ಲೆಕ್ಕ ಎಲ್ಲ ಕೂಡಿಸಿ, ಈಗ ಬರೆಯುತ್ತಿದ್ದೇನೆ.

ನಾವು ಐದು ಜನ. 69ರ ಅಮ್ಮ (ಎಡ ಮಂಡಿ ಸವೆದಿದೆ), ಹೆಂಡತಿ, 12ರ ಮಗಳು, 7ರ ಮಗ, ನಾನು. ರೋಮಿನಲ್ಲಿ ಐದು ರಾತ್ರಿ, ಫ್ಲಾರೆನ್ಸಿನಲ್ಲಿ ಮೂರು. ಟೂರ್ ಕಂಪನಿ ಇಲ್ಲ, ಗೈಡ್ ಇಲ್ಲ, ಬಾಡಿಗೆ ಕಾರಂತೂ ಇಲ್ಲವೇ ಇಲ್ಲ. ಅಷ್ಟೂ ದಿನದಲ್ಲಿ ಅತ್ತವರು ಒಬ್ಬರೇ, ಅದೂ ಒಂದೇ ಸಲ. ವೀಸಾ, ಫಾರೆಕ್ಸ್ ಕಾರ್ಡ್, ರೈಲು ಬುಕಿಂಗ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಕೊರೆಯುವುದಿಲ್ಲ.

2019ರ ಕಥೆ ಮೊದಲು ಹೇಳಬೇಕು, ಪಾಠ ಕಲಿತದ್ದು ಅಲ್ಲಿಯೇ. ಇದೇ ಐದು ಜನ, ಮಗ ಆಗ ಎರಡು ವರ್ಷದವನು. ಮೇ ತಿಂಗಳು. ದುಡ್ಡು ಉಳಿಸುತ್ತೇನೆಂದು ರೋಮಿನ ಹೊರವಲಯದಲ್ಲಿ ಮನೆ ಹಿಡಿದೆ, ರಾತ್ರಿಗೆ ಸುಮಾರು 65 ಯೂರೊ. ಮೆಟ್ರೊದ ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಮತ್ತೆ ಬಸ್ ಹಿಡಿಯಬೇಕು. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ರಾತ್ರಿ ಹತ್ತಕ್ಕೆ ವಾಪಸ್. ನಡುವೆ ಕಾಲು ಚಾಚಲು ಜಾಗವೇ ಇಲ್ಲ. ತಲೆಗೆ 60 ಯೂರೊ ಕೊಟ್ಟು ಒಂದು ದಿನದ ಗೈಡೆಡ್ ಟೂರ್ ಬೇರೆ. ಗೈಡಮ್ಮ ಕೆಂಪು ಕೊಡೆ ಎತ್ತಿ ಹಿಡಿದು ಮುಂದೆ ಓಡುತ್ತಿದ್ದರು. ಅಮ್ಮ ಆ ದಿನ ರೋಮ್ ನೋಡಲಿಲ್ಲ, ಕೊಡೆ ನೋಡಿದರು. ಊರಿಗೆ ಬಂದಮೇಲೆ ಯಾರಾದರೂ ರೋಮ್ ಹೇಗಿತ್ತು ಎಂದು ಕೇಳಿದರೆ "ಕೆಂಪಗಿತ್ತು" ಎನ್ನುತ್ತಿದ್ದರು.

ಆಮೇಲೆ ಬಾಡಿಗೆ ಕಾರಿನಲ್ಲಿ ಫ್ಲಾರೆನ್ಸ್. ಹೋದದ್ದು ಸೋಮವಾರ. ಅಲ್ಲಿನ ದೊಡ್ಡ ಕಲಾ ಮ್ಯೂಸಿಯಂಗಳಾದ ಉಫಿಝಿ, ಅಕಾಡೆಮಿಯಾ ಎರಡಕ್ಕೂ ಸೋಮವಾರ ರಜೆ. ಇದು ಯಾರ ತಪ್ಪೂ ಅಲ್ಲ, ನನ್ನದೇ. ಬಾಗಿಲು ಮುಚ್ಚಿದ ಮ್ಯೂಸಿಯಂ ಮುಂದೆ ನಿಂತು ಹೆಂಡತಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಕಲ್ಲು ಹಾಸಿದ ರಸ್ತೆಯಲ್ಲಿ ತಳ್ಳಿ ತಳ್ಳಿ ಮಗನ ತಳ್ಳುಗಾಡಿಯ ಮುಂದಿನ ಚಕ್ರ ಕಿತ್ತುಬಂತು. ಕಾರನ್ನು ಹತ್ತಿರ ನಿಲ್ಲಿಸೋಣವೆಂದು ಹಳೆ ಪೇಟೆಯೊಳಗೆ ನುಗ್ಗಿಸಿದೆ. ಹೊರಗಿನವರ ಗಾಡಿ ಅಲ್ಲಿ ಹೋಗುವ ಹಾಗಿಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ. ಗಾಬರಿಯಾಗಿ ಹೊರಬರಲು ಹೋಗಿ ಇನ್ನೊಂದು ಕ್ಯಾಮೆರಾದ ಕೆಳಗೆ ಹಾದೆ. ಆರು ತಿಂಗಳ ಮೇಲೆ ಬೆಂಗಳೂರಿನ ಮನೆಗೆ ಎರಡು ಲಕೋಟೆ ಬಂದವು, ತಲಾ ನೂರು ಯೂರೊ ಆಸುಪಾಸು. ಅದಕ್ಕೂ ಮುಂಚೆಯೇ ನನ್ನ ವಿಳಾಸವನ್ನು ಪೊಲೀಸರಿಗೆ ತಿಳಿಸಿದ್ದಕ್ಕೆ ಅಂತ ಕಾರು ಬಾಡಿಗೆಗೆ ಕೊಟ್ಟವರು ಕಾರ್ಡಿನಿಂದ ಎರಡು ಸಲ ಶುಲ್ಕ ಎಳೆದುಕೊಂಡಿದ್ದರು. ಅಕಾಡೆಮಿಯಾದಲ್ಲಿರುವ ಡೇವಿಡ್ಡನ್ನು, ಶಿಲ್ಪಿ ಮೈಕೆಲೆಂಜೆಲೊನ ಹೆಸರಾಂತ ಕಲ್ಲಿನ ಪ್ರತಿಮೆಯನ್ನು, ನೋಡದೆ ಬಂದದ್ದಕ್ಕೆ ನಾನು ತೆತ್ತ ಬೆಲೆ ಇಪ್ಪತ್ತು ಸಾವಿರ ರೂಪಾಯಿಗಿಂತ ಮೇಲೆ.

ಹಾಗಾಗಿ ಈ ಸಲ ನಿಯಮ ಹಾಕಿಕೊಂಡೆ. ದಿನಕ್ಕೆ ದುಡ್ಡು ಕೊಟ್ಟು ನೋಡುವ ಜಾಗ ಒಂದೇ. ಅದೂ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ. ಹನ್ನೆರಡೂವರೆಗೆ ಮನೆ, ಊಟ, ಎರಡು ಗಂಟೆ ನಿದ್ದೆ. ಸಂಜೆ ಪುಕ್ಕಟೆ ಜಾಗಗಳು. ಕೇಳಿದರೆ ನಗು ಬರುತ್ತದೆ, ಇದರಲ್ಲೇನಿದೆ ಎನಿಸುತ್ತದೆ. ಮಾಡಿ ನೋಡಿ. ಕೊಟ್ಟ ದುಡ್ಡು ನೆನಪಾಗಿ "ಇಲ್ಲೇ ಪಕ್ಕದಲ್ಲಿ ಇನ್ನೊಂದಿದೆಯಂತೆ" ಎಂದು ಕಾಲು ಎಳೆಯುತ್ತದೆ.

ನನ್ನ ಮೇಲೇ ನನಗೆ ನಂಬಿಕೆ ಇರಲಿಲ್ಲ. ಅದಕ್ಕೆ ಆಗಸ್ಟಿನಲ್ಲಿ ಮೈಸೂರಿನಲ್ಲಿ ತಾಲೀಮು ಮಾಡಿದೆವು. ಭಾನುವಾರ ಬೆಳಿಗ್ಗೆ ಅರಮನೆ, ಮಧ್ಯಾಹ್ನ ಹೋಟೆಲಿನಲ್ಲಿ ಕಡ್ಡಾಯ ನಿದ್ದೆ, ಸಂಜೆ ಏಳಕ್ಕೆ ಮತ್ತೆ ಅದೇ ಅರಮನೆಯ ಮುಂದೆ, ದೀಪ ಹತ್ತುವುದನ್ನು ನೋಡಲು. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲ ಹೊತ್ತಿಕೊಂಡಾಗ ಮಗ ನನ್ನ ಹೆಗಲ ಮೇಲೆ ಕುಣಿದ. ನಾಲ್ಕೈದು ಸಲ ಮೈಸೂರಿಗೆ ಹೋಗಿದ್ದರೂ ದೀಪ ಹತ್ತುವ ಕ್ಷಣದಲ್ಲಿ ಅವನು ಎಚ್ಚರ ಇದ್ದದ್ದು ಅದೇ ಮೊದಲು. ಆವತ್ತೇ ಟಿಕೆಟ್ ಬುಕ್ ಮಾಡಿದೆ.

ಈ ಪದ್ಧತಿ ನಿಂತಿರುವುದೆಲ್ಲ ಮನೆಯ ಮೇಲೆ. ನೋಡುವ ಜಾಗದಿಂದ ನಡೆದು ಬರುವಷ್ಟು ಹತ್ತಿರ ಇರಬೇಕು, ಇಲ್ಲದಿದ್ದರೆ ನಿದ್ದೆಗೆಂದು ಬಂದುಹೋಗುವುದೇ ಒಂದು ಪ್ರಯಾಣ. ರೋಮಿನಲ್ಲಿ ಕೊಲೋಸಿಯಂ ಎಂಬ ಪುರಾತನ ಬಯಲು ಅಖಾಡದ ಹಿಂದಿನ ಮೊಂತಿ ಎಂಬ ಹಳೆ ಬಡಾವಣೆಯಲ್ಲಿ ಹಿಡಿದೆ. ರಾತ್ರಿಗೆ 150 ಯೂರೊ ಹತ್ತಿರ. ಐದು ರಾತ್ರಿಗೆ ಹೊರವಲಯಕ್ಕಿಂತ ನಾನೂರು ಯೂರೊ ಹೆಚ್ಚು ಎಂದು ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ನಿಜ. ಆದರೆ ಕೊಲೋಸಿಯಂಗೆ ಮನೆಯಿಂದ ಅಮ್ಮನ ನಡಿಗೆಯಲ್ಲಿ ಹನ್ನೆರಡು ನಿಮಿಷ. ಮಧ್ಯಾಹ್ನದ ಊಟ ಮನೆಯಲ್ಲೇ ಆದದ್ದರಿಂದ ಅರ್ಧ ದುಡ್ಡು ಅಲ್ಲೇ ವಾಪಸ್ ಬಂತು.

ಮನೆ ಹುಡುಕುವಾಗ "ಲಿಫ್ಟ್ ಇದೆ" ಎಂಬ ಮಾತನ್ನು ನಂಬಿದ್ದೆ. ಇತ್ತು. ಮಡಚುವ ಎರಡು ಮರದ ಬಾಗಿಲು, ಹೊರಗೆ ಕಬ್ಬಿಣದ ಜಾಲರಿ, ಒಳಗೆ ಒಂದೂವರೆ ಆಳಿನ ಜಾಗ. ಅಮ್ಮನನ್ನೂ ದೊಡ್ಡ ಸೂಟ್‌ಕೇಸನ್ನೂ ಒಳಗೆ ಸೇರಿಸಿ, ಬಾಗಿಲು ಎಳೆದು, ನಾವು ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋದರೆ ಲಿಫ್ಟ್ ಬರಲೇ ಇಲ್ಲ. ಸೂಟ್‌ಕೇಸಿನ ಹಿಡಿ ಮರದ ಬಾಗಿಲಿಗೆ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚಿರಲಿಲ್ಲ. ಕೆಳಗಿಂದ ಅಮ್ಮನ ದನಿ: "ನಾನು ಇನ್ನೂ ಇಲ್ಲೇ ಇದೀನಿ ಮಾರಾಯ, ರೋಮ್ ಎಲ್ಲಿದ್ಯೋ ಗೊತ್ತಿಲ್ಲ."

ಇನ್ನು ಕೊಲೋಸಿಯಂ. ಟಿಕೆಟ್ 30 ದಿನ ಮುಂಚೆ ತೆರೆಯುತ್ತದೆ, ದೊಡ್ಡವರಿಗೆ 18 ಯೂರೊ, 18ರೊಳಗಿನ ಮಕ್ಕಳಿಗೆ ಉಚಿತ. ಉಚಿತ ಎಂದರೆ ಬೇಡ ಎಂದಲ್ಲ, ಅವರ ಹೆಸರಲ್ಲೂ ಸೊನ್ನೆ ಯೂರೊದ ಟಿಕೆಟ್ ಬುಕ್ ಮಾಡಲೇಬೇಕು. ನಮ್ಮ ಮುಂದಿದ್ದ ಒಂದು ಕುಟುಂಬ ಇದು ಗೊತ್ತಿಲ್ಲದೆ ಪಕ್ಕಕ್ಕೆ ನಿಂತಿತ್ತು. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟಿಗೆ ಹೊಂದಬೇಕು ಎಂಬುದು ಇನ್ನೊಂದು ಕಿರಿಕಿರಿ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ನಮ್ಮ ಕಡೆಯ ಎಷ್ಟೋ ಹೆಂಗಸರದ್ದು ಹೀಗೇ. ವೆಬ್‌ಸೈಟ್ ಖಾಲಿ ಬಿಡಲು ಒಪ್ಪುವುದಿಲ್ಲ. ಚುಕ್ಕೆ ಹಾಕಿದೆ, ಒಪ್ಪಲಿಲ್ಲ. ಕೊನೆಗೆ ಎರಡೂ ಕಡೆ ಅಮ್ಮನ ಹೆಸರನ್ನೇ ಬರೆದೆ. ಬಾಗಿಲಲ್ಲಿ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಟಿಕೆಟ್ ನೋಡಿದಳು, ಅಮ್ಮನ ಮುಖ ನೋಡಿದಳು, ಬಿಟ್ಟಳು. ಬೇಡಿಕೆಯ ದಿನಕ್ಕೂ ನನಗೆ ಬೆಳಿಗ್ಗೆಯ ಮೊದಲ ಹೊತ್ತೇ ಹೇಗೆ ಸಿಕ್ಕಿತು ಎಂದು ಮಾತ್ರ ಕೇಳಬೇಡಿ. ಎಲ್ಲರಿಗೂ ಹೇಳಿದರೆ ಮುಂದಿನ ಸಲ ನನಗೇ ಸಿಗುವುದಿಲ್ಲ.

ಒಳಗೆ ಮಗನ ಕಣ್ಣಿಗೆ ಬಿದ್ದದ್ದು ಗೋಡೆಯ ತೂತುಗಳು. ಎಲ್ಲಿ ನೋಡಿದರೂ ಮುಷ್ಟಿ ಹಿಡಿಸುವಷ್ಟು ದೊಡ್ಡ ಗುಂಡಿಗಳು. "ಅಪ್ಪಾ, ಗುಂಡು ಹೊಡೆದಿದ್ದಾ?" ಅಲ್ಲ. ಕಲ್ಲು ಕಲ್ಲನ್ನು ಹಿಡಿದಿಡಲು ಒಳಗೆ ಕಬ್ಬಿಣದ ಕೊಂಡಿ ಹಾಕಿದ್ದರು, ಮುಂದಿನ ಶತಮಾನಗಳಲ್ಲಿ ಜನ ಕಬ್ಬಿಣಕ್ಕಾಗಿ ಕಲ್ಲು ಕೊರೆದು ಕಿತ್ತುಕೊಂಡು ಹೋದರು. "ಅಂದ್ರೆ ಗುಜರಿಯವರು," ಎಂದಳು ಮಗಳು. ಕ್ರಿಸ್ತಶಕ 80ರಲ್ಲಿ ಟೈಟಸ್ ಚಕ್ರವರ್ತಿ ಉದ್ಘಾಟಿಸಿದ ಕಟ್ಟಡದ ಬಗ್ಗೆ ನಮ್ಮ ಮಕ್ಕಳ ತಲೆಯಲ್ಲಿ ಉಳಿದದ್ದು ಇಷ್ಟು, ನನಗೆ ಇದೇ ಬೇಕಿತ್ತು. ಅಮ್ಮನಿಗೆ ಮೇಲಿನ ಹಂತಕ್ಕೆ ಹೋಗಲು ಲಿಫ್ಟ್ ಸಿಕ್ಕಿತು. ಮಂಡಿ ತೋರಿಸಿ ಸನ್ನೆ ಮಾಡಿದರೆ ಸಾಕು. ಅದೇ ಟಿಕೆಟ್ಟಿನಲ್ಲಿ ಪಕ್ಕದ ಹಳೆ ರೋಮಿನ ಅವಶೇಷಗಳು, ಅಂದರೆ ಫೋರಂ, ಪ್ಯಾಲಟೈನ್ ಗುಡ್ಡವೂ ಸೇರಿದೆ. ನಾವು ಫೋರಂನಲ್ಲಿ ಅರ್ಧ ಗಂಟೆ ಕೂತು ಎದ್ದೆವು, ಗುಡ್ಡ ಬಿಟ್ಟೆವು. ಬಿಡುವುದನ್ನು ಕಲಿಯದಿದ್ದರೆ ಈ ಪದ್ಧತಿ ನಿಮಗಲ್ಲ.

ನವೆಂಬರಿನ ಬಗ್ಗೆ ಒಂದು ಮಾತು. ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ. ಇದನ್ನೇ ಹಿಡಿದು ಭಾವ ನಕ್ಕಿದ್ದರು. ಆದರೆ ನಾವು ನಿದ್ದೆ ಮುಗಿಸಿ ಮುಖ ತೊಳೆದು ಹೊರಬೀಳುವ ಹೊತ್ತಿಗೆ ಊರಿಗೆ ದೀಪ ಹಚ್ಚಿರುತ್ತಿದ್ದರು. ಮೈಸೂರಿನ ತಾಲೀಮು ಇಲ್ಲಿ ಕೈ ಹಿಡಿಯಿತು. ಮಿಕ್ಕವರೆಲ್ಲ ಕಾಲು ಎಳೆಯುತ್ತಾ ಮೆಟ್ರೊ ಹುಡುಕುತ್ತಿರುವಾಗ ನಮ್ಮ ತಂಡ ಆಗ ತಾನೇ ಚಹಾ ಕುಡಿದು ಬಂದಿರುತ್ತಿತ್ತು.

ಎಲ್ಲವೂ ಕೂಡಿ ಬಂತು ಎಂದಲ್ಲ. ಟ್ರೆವಿ ಕಾರಂಜಿಗೆ ಹೋದರೆ ನೀರೇ ಇಲ್ಲ. 2025ರ ಜುಬಿಲಿ ವರ್ಷಕ್ಕೆಂದು, ಅಂದರೆ ಕ್ಯಾಥೊಲಿಕರ ಪುಣ್ಯ ವರ್ಷಕ್ಕೆಂದು, ಊರೆಲ್ಲ ರಿಪೇರಿಗೆ ತೆಗೆದಿದ್ದರು. ಕಾರಂಜಿಯ ತೊಟ್ಟಿ ಬತ್ತಿಸಿ, ಅದರ ಮೇಲೆ ಜನ ಓಡಾಡಲು ಅಟ್ಟಣೆ ಕಟ್ಟಿದ್ದರು. ಹಿಂದಿರುಗಿ ನಿಂತು ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತೇವೆಂದು ನಂಬಿ ಬಂದವರಿಗೆ ನಿರಾಸೆಯಾಗಬಾರದೆಂದು ಮುಂದೆ ಒಂದು ಸಣ್ಣ ತಾತ್ಕಾಲಿಕ ತೊಟ್ಟಿ ಇಟ್ಟು ನೀರು ತುಂಬಿದ್ದರು. ನೋಡಿದರೆ ನಮ್ಮ ಕಡೆ ಎಮ್ಮೆಗೆ ಕಲಗಚ್ಚು ಇಡುವ ಬಾನಿ. ಮಗಳು ಮುಖ ಊದಿಸಿಕೊಂಡಳು. ಮಗ ಮಾತ್ರ ಹಿಂದಿರುಗಿ ನಿಂತು ನಾಣ್ಯ ಎಸೆದ, ಗುರಿ ತಪ್ಪಿ ಪಕ್ಕದವರ ಬೂಟಿಗೆ ಬಡಿಯಿತು. ನೀರಿರುವ ಟ್ರೆವಿ ನೋಡಲು ಮತ್ತೆ ಬರಬೇಕು ಎಂದು ಅಮ್ಮ ಆಗಲೇ ಪಟ್ಟಿ ಶುರು ಮಾಡಿದರು.

ನೀರು ಎಂದಾಗ ನೆನಪಾಯಿತು. ರೋಮಿನ ಬೀದಿಗಳಲ್ಲಿ ಸುಮಾರು 2,500 ಕಬ್ಬಿಣದ ನಲ್ಲಿ ಕಂಬಗಳಿವೆ, ಹಗಲೂ ರಾತ್ರಿ ಕುಡಿಯುವ ನೀರು ಸುರಿಯುತ್ತಲೇ ಇರುತ್ತದೆ. ಬಾಗಿದ ಕೊಳವೆ ಮೂಗಿನ ಹಾಗಿರುವುದರಿಂದ ಹೆಸರೇ ನಸೋನೆ, ದೊಡ್ಡ ಮೂಗು. ಕೊಳವೆಯ ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ ಮೇಲ್ಗಡೆಯ ಸಣ್ಣ ತೂತಿನಿಂದ ನೀರು ಬಿಲ್ಲಿನಂತೆ ಚಿಮ್ಮಿ ಸೀದಾ ಬಾಯಿಗೆ. ಇದನ್ನು ಮಗನಿಗೆ ಕಲಿಸಿದ್ದು ಒಬ್ಬ ಕಸ ಗುಡಿಸುವ ಅಜ್ಜ. 2019ರಲ್ಲಿ ಪ್ರವಾಸಿ ಜಾಗಗಳಲ್ಲಿ ಎರಡು, ಮೂರು ಯೂರೊ ಕೊಟ್ಟು ಬಾಟಲಿ ಕೊಂಡದ್ದು ನೆನಪಾಗಿ ಹೊಟ್ಟೆ ಉರಿಯಿತು.

ಮಳೆಗೆ ಒಂದು ಬೇರೆ ಪ್ರಯೋಗ ಇಟ್ಟುಕೊಂಡಿದ್ದೆ: ಯಾವ ದಿನ ಮಳೆ ಬರುತ್ತದೋ ಆ ದಿನದ ಟಿಕೆಟ್ ಪ್ಯಾಂಥಿಯನ್ ಎಂಬ ಪುರಾತನ ದೇವಾಲಯ. 2024ರಲ್ಲಿ ತಲೆಗೆ 5 ಯೂರೊ ಇತ್ತು, 2023ರಿಂದ ಶುರುವಾದ ಶುಲ್ಕ, ಮಕ್ಕಳಿಗೆ ಇಲ್ಲ. ಮೂರನೇ ದಿನ ಬೆಳಿಗ್ಗೆ ಮೋಡ ಕವಿಯಿತು, ಓಡಿದೆವು. ಸುಮಾರು 43 ಮೀಟರ್ ಅಗಲದ ಗುಮ್ಮಟ, ನೆಲದಿಂದ ನೆತ್ತಿಗೂ ಅಷ್ಟೇ ಎತ್ತರ. ನೆತ್ತಿಯಲ್ಲಿ ಒಂಬತ್ತು ಮೀಟರಿನಷ್ಟು ಅಗಲದ ತೆರೆದ ಕಿಂಡಿ. ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಒಳಗೇ ಬೀಳುತ್ತಿತ್ತು. ಮೇಲಿಂದ ಕೆಳಗೆ ಬರುವಷ್ಟರಲ್ಲಿ ಹನಿ ಚದುರಿ ದೂಳಿನಂತಾಗಿ, ಬೆಳಕಿನ ಕಂಬದೊಳಗೆ ತೇಲುತ್ತಿತ್ತು. ನಡುವಿನ ನೆಲಕ್ಕೆ ಹಗ್ಗ ಕಟ್ಟಿದ್ದರು. ಅಮ್ಮ ಬಹಳ ಹೊತ್ತು ಮೇಲೆ ನೋಡಿ, ಆಮೇಲೆ ಕೆಳಗೆ ನೋಡಿದರು. ಅಮೃತಶಿಲೆಯ ನೆಲದಲ್ಲಿ ಸಣ್ಣ ಸಣ್ಣ ತೂತುಗಳಿವೆ, ನೆಲ ನಡುವಿನಿಂದ ಅಂಚಿಗೆ ಕಂಡೂ ಕಾಣದಷ್ಟು ಇಳಿಜಾರು. "ಇದು ನಮ್ಮ ಅಜ್ಜನ ತೊಟ್ಟಿಮನೆ ಅಂಗಳ ಅಲ್ವನೋ," ಎಂದರು. "ಮಳೆಗಾಲದಲ್ಲಿ ನಾವು ಜಗಲಿ ಅಂಚಿಗೆ ಕೂತು ಕಾಲು ಚಾಚ್ತಿದ್ವಿ. ಇವರು ಹಗ್ಗ ಕಟ್ಟಿ ಹಾಳು ಮಾಡಿದಾರೆ." ಎರಡನೇ ಶತಮಾನದಲ್ಲಿ ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ್ದು ಎಂದು ನಾನು ಹೇಳಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ.

ಅದೇ ಸಂಜೆಯದ್ದು ನನ್ನ ಸ್ವಂತ ಹುಚ್ಚು. ನಮ್ಮೂರು ಸಾಗರದಿಂದ ಇಕ್ಕೇರಿಗೆ ಆರು ಕಿಲೋಮೀಟರ್. 1623ರಲ್ಲಿ ಪಿಯೆತ್ರೊ ಡೆಲ್ಲಾ ವಾಲೆ ಎಂಬ ರೋಮಿನ ಶ್ರೀಮಂತ, ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಬಂದಿದ್ದ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ನೋಡಿ ಊರಿಗೆ ಬರೆದ ಕಾಗದದಲ್ಲಿ ವಿವರಿಸಿದ. ಅವನ ಕಥೆಯಲ್ಲಿ ಇನ್ನೊಂದು ಪಾತ್ರವಿದೆ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಸಿತ್ತಿ ಮಾನಿ ಪರ್ಷಿಯಾದ ಕರಾವಳಿಯಲ್ಲಿ ತೀರಿಕೊಂಡಳು. ಅವಳ ದೇಹವನ್ನು ಅಲ್ಲಿ ಮಣ್ಣು ಮಾಡದೆ, ಕೆಡದ ಹಾಗೆ ಪೆಟ್ಟಿಗೆಯಲ್ಲಿಟ್ಟು, ವರ್ಷಗಳ ಅಲೆದಾಟದ ನಂತರ ರೋಮಿಗೆ ತಂದು 1627ರಲ್ಲಿ ಸಾಂತಾ ಮರಿಯಾ ಇನ್ ಅರಾಚೇಲಿ ಇಗರ್ಜಿಯಲ್ಲಿ ಸಮಾಧಿ ಮಾಡಿದ. 1652ರಲ್ಲಿ ತಾನೂ ಅಲ್ಲೇ ಸೇರಿದ.

ಆ ಇಗರ್ಜಿಯ ಮುಂದೆ ನಿಂತರೆ ಎದೆ ಧಸಕ್ಕೆನ್ನುತ್ತದೆ: 124 ಮೆಟ್ಟಿಲು, ಕಡಿದಾದವು. ಅಮ್ಮ ಮಂಡಿ ಹಿಡಿದುಕೊಂಡರು. ಪಕ್ಕದಲ್ಲೇ ಮೈಕೆಲೆಂಜೆಲೊ ರೂಪಿಸಿದ ಇಳಿಜಾರು ದಾರಿ ಕ್ಯಾಂಪಿಡೋಲ್ಯೊ ಚೌಕಕ್ಕೆ ಹೋಗುತ್ತದೆ, ಮೆಟ್ಟಿಲು ಎನ್ನುವಂತಿಲ್ಲ, ಕುದುರೆ ಹತ್ತುವ ಹಾಗೆ ಅಗಲ. ಮೇಲೆ ಹೋದಮೇಲೆ ಇಗರ್ಜಿಯ ಪಕ್ಕದ ಬಾಗಿಲಿಗೆ ಇನ್ನೊಂದಿಷ್ಟು ಮೆಟ್ಟಿಲು ಅಷ್ಟೇ. ಅದನ್ನು ಕಾಲು ಗಂಟೆಯಲ್ಲಿ ಹತ್ತಿದೆವು, ನಡುವೆ ಎರಡು ಸಲ ಕೂತು.

ಒಳಗಿನ ನೆಲವೆಲ್ಲ ಸಮಾಧಿ ಕಲ್ಲುಗಳು. ಶತಮಾನಗಳ ಕಾಲು ಸವೆಸಿ ಮುಖಗಳು ಮಾಸಿವೆ, ಲ್ಯಾಟಿನ್ ಅಕ್ಷರ ಅರ್ಧಂಬರ್ಧ. ನಾನೂ ಮಗಳೂ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ಹುಡುಕಿದೆವು. ಕಾವಲಿನವರಿಗೆ ಹೆಸರು ಹೇಳಿದರೆ ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ಸುತ್ತಿಸಿದರು. ಇಲ್ಲೇ ಎಲ್ಲೋ ಎಂದರ್ಥವೋ, ದೀಪ ಆರಿಸುತ್ತೇನೆ ಹೊರಡಿ ಎಂದರ್ಥವೋ. ಕಲ್ಲು ಸಿಗಲಿಲ್ಲ. ಅಮ್ಮ ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತು ಮೊಮ್ಮಗನಿಗೆ ಕಥೆ ಹೇಳುತ್ತಿದ್ದರು, ನಾನು ಹೇಳಿದ್ದಕ್ಕಿಂತ ಚೆನ್ನಾಗಿ. ಅವರ ಕಥೆಯಲ್ಲಿ ಡೆಲ್ಲಾ ವಾಲೆ ಇಕ್ಕೇರಿಯ ಅಘೋರೇಶ್ವರನಿಗೆ ಕೈಮುಗಿದು "ಹೆಂಡತಿಯನ್ನು ಸುರಕ್ಷಿತವಾಗಿ ಊರು ಮುಟ್ಟಿಸಪ್ಪ" ಎಂದು ಬೇಡಿಕೊಂಡಿದ್ದ. ನಾನು ತಿದ್ದಲು ಹೋಗಲಿಲ್ಲ. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ನೆನಪಿನಲ್ಲಿರುವ ಒಂದು ಗಂಟೆ ಅದು, ಖರ್ಚು ಸೊನ್ನೆ.

ಇಷ್ಟು ಕೊಚ್ಚಿಕೊಂಡ ಮೇಲೆ ಸೋತದ್ದನ್ನೂ ಹೇಳಬೇಕು. ವ್ಯಾಟಿಕನ್ ಮ್ಯೂಸಿಯಂನಲ್ಲಿ ಪದ್ಧತಿ ಮಕಾಡೆ ಮಲಗಿತು. ಒಂದೇ ಟಿಕೆಟ್ ಹೌದು, ಆದರೆ ಆ ಒಂದು ಟಿಕೆಟ್ಟಿನೊಳಗೆ ಹತ್ತು ಮ್ಯೂಸಿಯಂ. ಎಲ್ಲರೂ ನೋಡಲು ಬರುವ ಸಿಸ್ಟೀನ್ ಚಾಪೆಲ್, ಅಂದರೆ ಚಾವಣಿಗೆಲ್ಲ ಚಿತ್ರ ಬರೆದ ಪ್ರಾರ್ಥನಾ ಮಂದಿರ, ಕೊನೆಯಲ್ಲಿದೆ, ಅಲ್ಲಿಯವರೆಗೆ ಜನಪ್ರವಾಹದ ಜೊತೆ ತೇಲಬೇಕು. ಸೋಮವಾರ ಹೋದದ್ದು ಎರಡನೇ ತಪ್ಪು. ಬೇರೆ ಕಡೆ ರಜೆ ಇರುವುದರಿಂದ ಎಲ್ಲರೂ ಅಲ್ಲಿಗೇ ಬರುತ್ತಾರೆ. ಸೋಮವಾರ ನನಗೆ ಆಗಿ ಬರುವುದಿಲ್ಲ ಎಂದು ಕಾಣುತ್ತದೆ. ನಕ್ಷೆಗಳ ಉದ್ದ ಓಣಿಯಲ್ಲಿ, ಚಿನ್ನದ ಚಾವಣಿಯ ಕೆಳಗೆ, ಮಗ ನೆಲಕ್ಕೆ ಕೂತು ಅಳಲು ಶುರು ಮಾಡಿದ. ಗೋಡೆಯ ಮೇಲೆ ಇಟಲಿಯ ನಲವತ್ತು ನಕ್ಷೆಗಳಿವೆ. "ನಾಡಿದ್ದು ಹೋಗೋ ಊರು ಹುಡುಕಿದ್ರೆ ತೋಪು ಹಾರಿಸೋದನ್ನ ತೋರಿಸ್ತೀನಿ" ಎಂದೆ. ಅಳು ಅರ್ಧಕ್ಕೆ ನಿಂತಿತು. ಸಿಸ್ಟೀನ್‌ನಲ್ಲಿ ಫೋಟೊ ತೆಗೆಯುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಗೋಡೆ ಬದಿಯ ಬೆಂಚಿನಲ್ಲಿ ಜಾಗ ಸಿಕ್ಕಿತು, ಅಮ್ಮ ತಲೆ ಹಿಂದಕ್ಕೆ ಚಾಚಿ ಇಪ್ಪತ್ತು ನಿಮಿಷ ಕೂತರು. ಮೈಕೆಲೆಂಜೆಲೊ 1508ರಿಂದ ನಾಲ್ಕು ವರ್ಷ ಆ ಚಾವಣಿಗೆ ಬಣ್ಣ ಹಚ್ಚಿದ ಎಂದು ಹೊರಗೆ ಬಂದಮೇಲೆ ಹೇಳಿದರೆ, "ಕುತ್ತಿಗೆ ಏನಾಯ್ತೋ ಪಾಪ" ಎಂದರು.

ಮಾತು ಕೊಟ್ಟಂತೆ ಟ್ಯಾಕ್ಸಿ ಹಿಡಿದು ಜನಿಕೊಲೊ ಗುಡ್ಡ. 1904ರಿಂದ ಅಲ್ಲಿ ಮಧ್ಯಾಹ್ನ ಸರಿಯಾಗಿ 12ಕ್ಕೆ ತೋಪು ಹಾರಿಸುತ್ತಾರೆ. ಸೈನಿಕರು ತೋಪನ್ನು ಹೊರಗೆಳೆದು ನಿಲ್ಲಿಸಿದರು, ಢಂ ಎಂದಿತು, ಕೆಳಗಿನ ಊರಿನ ಗಂಟೆಗಳೆಲ್ಲ ಮೊಳಗಿದವು. ಮಗನಿಗೆ ರೋಮ್ ಎಂದರೆ ಈಗಲೂ ತೋಪು.

ಊಟದ ವಿಷಯದಲ್ಲಿ ಎರಡು ಅನಾಹುತ. ಒಂದು, ಅಮ್ಮ ನನಗೆ ಹೇಳದೆ ಸೂಟ್‌ಕೇಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಇಟ್ಟಿದ್ದರು. ವಿಮಾನದಲ್ಲಿ ಮುಚ್ಚಳ ಸಡಿಲಾಗಿ ನನ್ನ ಎರಡು ಅಂಗಿ ಕೆಂಪಾದವು. ಉಳಿದ ಮಿಡಿ ಹೆಂಡತಿಗೆ ಐದು ದಿನ ಮೊಸರನ್ನಕ್ಕೆ ಆಯಿತು, ಹಾಗಾಗಿ ಬೈಯುವ ಹಕ್ಕು ನನಗೆ ಉಳಿಯಲಿಲ್ಲ. ಇನ್ನೊಂದು, ಪರ್ಮೆಸಾನ್ ಚೀಸ್. ಅದನ್ನು ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ ಎಂದು ಮಗಳು ಮೊಬೈಲ್ ನೋಡಿ ಊಟದ ನಡುವೆ ಘೋಷಿಸಿದಳು. ಅಮ್ಮ ತಟ್ಟೆ ಸರಿಸಿದರು. ಆಮೇಲೆ ಎಲ್ಲ ಕಡೆ ಪಿಜ್ಜಾ ಮರಿನಾರಾ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಅಷ್ಟೇ, ಚೀಸ್ ಇಲ್ಲ. ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಅಮ್ಮನ ಮಡಿ ನನ್ನ ಜೇಬಿಗೆ ಲಾಭ ತಂದ ಅಪರೂಪದ ಸಂದರ್ಭ. ಮಧ್ಯಾಹ್ನಕ್ಕೆ ನಾವೇ ಒಯ್ದ ಸಣ್ಣ ರೈಸ್ ಕುಕ್ಕರ್, ಸಾರಿನ ಪುಡಿ.

ಫ್ಲಾರೆನ್ಸಿಗೆ ಈ ಸಲ ರೈಲು, ಒಂದೂವರೆ ಗಂಟೆ ಚಿಲ್ಲರೆ. ಅಲ್ಲಿ ಇನ್ನೊಂದು ಬದಲಾವಣೆ ಮಾಡಿದೆ. ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಹೋಗಬೇಕೆಂಬ ಹಟ ಬಿಟ್ಟೆ. ಹೆಂಡತಿಗೆ ಚಿತ್ರಗಳೆಂದರೆ ಪ್ರಾಣ. ಉಫಿಝಿಗೆ ಅವಳೊಬ್ಬಳೇ ಬೆಳಿಗ್ಗೆ 8:15ಕ್ಕೆ ಹೋಗಿ ಒಂದಕ್ಕೆ ಬಂದಳು. 2019ರ ಆ ನೋಟ ಆವತ್ತು ಮಾಫಿ ಆಯಿತು. ನಾವು ನಾಲ್ಕು ಜನ ಹೊದ್ದು ಮಲಗಿದ್ದೆವು. ಉಫಿಝಿ ನೋಡದೆ ಫ್ಲಾರೆನ್ಸಿನಿಂದ ಬಂದವನು ಎಂದು ನನ್ನನ್ನು ಬೈಯುವವರಿದ್ದಾರೆ, ಬೈಯಲಿ.

ಅಕಾಡೆಮಿಯಾಕ್ಕೆ ಎಲ್ಲರೂ ಹೋದೆವು. ಓಣಿಯ ಕೊನೆಯಲ್ಲಿ ಡೇವಿಡ್ ಕಾಣುತ್ತಲೇ ಮಗಳು, "ಇವನ ಮೈಮೇಲೆ ಬಳ್ಳಿ ಇಲ್ಲ," ಎಂದಳು. ಶ್ರವಣಬೆಳಗೊಳ ನೋಡಿದ ಮಕ್ಕಳಿಗೆ ಬೆತ್ತಲೆ ಕಲ್ಲಿನ ಆಳು ಎಂದರೆ ಬಾಹುಬಲಿಯೇ ಅಳತೆಗೋಲು. ಅವನು 57 ಅಡಿ, ಇವನು ಸುಮಾರು 17. ಆದರೆ ಹತ್ತಿರ ಹೋದಮೇಲೆ ಅವಳೇ ಸುಮ್ಮನಾದಳು. ಬಲಗೈ ನೋಡಿ. ಮೈಯ ಅಳತೆಗೆ ತುಸು ದೊಡ್ಡದು, ಮುಂಗೈಯ ನರ ಉಬ್ಬಿದೆ, ಈಗಷ್ಟೇ ಬಿಗಿದ ಹಾಗೆ. ಬಾಹುಬಲಿ ಎಲ್ಲ ಮುಗಿಸಿ ನಿಂತವನು, ಇವನು ಇನ್ನೂ ಶುರು ಮಾಡಿಲ್ಲ. ಬೇರೆಯವರು ಕೆತ್ತಲು ಶುರು ಮಾಡಿ ಬಿಟ್ಟು, ದಶಕಗಳ ಕಾಲ ಬಿದ್ದಿದ್ದ ಕಲ್ಲಿನಲ್ಲಿ 1501ರಿಂದ 1504ರೊಳಗೆ ಮೈಕೆಲೆಂಜೆಲೊ ಇದನ್ನು ಬಿಡಿಸಿದ್ದು. ಐದು ವರ್ಷ ತಡವಾದರೂ ನೋಡಿದೆ. ಇಪ್ಪತ್ತು ಸಾವಿರದ ದಂಡ ಮರೆಯಿತು ಎನ್ನಲಾರೆ.

ಮರುದಿನ ಉಫಿಝಿ ಹಿಂದೆ ನದಿ ದಂಡೆಯ ಗೆಲಿಲಿಯೊ ಮ್ಯೂಸಿಯಂ. ಜನ ಕಡಿಮೆ. ಅವನ ದುರ್ಬೀನುಗಳಿವೆ, ಜೊತೆಗೆ ಗಾಜಿನ ಬುರುಡೆಯಲ್ಲಿ ಅವನ ಬಲಗೈಯ ನಡುಬೆರಳು. ಒಣಗಿದ ಮೆಣಸಿನಕಾಯಿಯ ಹಾಗಿದೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸಲು ಸಾಕುಸಾಕಾಯಿತು.

ಆ ದಿನ ಅಮ್ಮ ಮಲಗಿದ್ದಾಗ ನಿಯಮ ಮುರಿದು ಮಗಳ ಜೊತೆ ಕಳ್ಳಹೆಜ್ಜೆ ಹಾಕಿದೆ. ಇಂಗ್ಲೆಂಡಿನಿಂದ ಮರಳುವಾಗ 1870ರಲ್ಲಿ ಫ್ಲಾರೆನ್ಸಿನಲ್ಲಿ ತೀರಿಕೊಂಡ ಕೊಲ್ಹಾಪುರದ ಎಳೆಯ ದೊರೆ, ನಮ್ಮ ಬೆಳಗಾವಿಯ ನೆರೆಯವನು, ಮಹಾರಾಜ ರಾಜಾರಾಮನನ್ನು ಎರಡು ನದಿ ಕೂಡುವಲ್ಲಿ ದಹನ ಮಾಡಿ, 1874ರಲ್ಲಿ ಮಂಟಪ ಕಟ್ಟಿ ಪ್ರತಿಮೆ ಇಟ್ಟಿದ್ದಾರೆ. ನಕ್ಷೆಯಲ್ಲಿ ಟ್ರಾಮ್ ಸ್ಟಾಪಿನಿಂದ ಬೆರಳಗಲ. ನಡೆದರೆ ಕಾಶಿನೆ ಉದ್ಯಾನದ ಈ ತುದಿಯಿಂದ ಆ ತುದಿ. ಹೋಗಿ ಬರುವಷ್ಟರಲ್ಲಿ ಮಗಳ ಹಿಮ್ಮಡಿಯಲ್ಲಿ ಬೊಬ್ಬೆ, ಸಂಜೆಯ ಸುತ್ತಾಟ ರದ್ದು. ನಿದ್ದೆ ತಪ್ಪಿಸಿದ್ದಕ್ಕೆ ಆಗಲೇ ಶಿಕ್ಷೆ. ಬೈಸಿಕಲ್ ಬಾಡಿಗೆಗೆ ತೆಗೆದುಕೊಂಡು ಹೋಗಿ.

ಲೆಕ್ಕ, ನೆನಪಿದ್ದಷ್ಟು: ಎರಡು ಮನೆಗಳಿಗೆ 1,100 ಯೂರೊ ಹತ್ತಿರ, ನಗರ ತೆರಿಗೆ 180 (ಇದನ್ನು ಎಲ್ಲರೂ ಮರೆಯುತ್ತಾರೆ), ಮ್ಯೂಸಿಯಂ ಟಿಕೆಟ್ 300, ರೈಲು 110, ಬಸ್ಸು ಟ್ಯಾಕ್ಸಿ 60, ತಿಂಡಿ ಊಟ 360. ವಿಮಾನ, ವೀಸಾ ಬಿಟ್ಟು ಎರಡು ಲಕ್ಷ ರೂಪಾಯಿಯ ಒಳಗೆ ಮುಗಿಯಿತು.

ಮೊನ್ನೆ ಭಾವ ಫೋನ್ ಮಾಡಿದ್ದರು. ಅಕ್ಕನಿಗೆ ಮಂಡಿ ನೋವು ಶುರುವಾಗಿದೆಯಂತೆ, ಮೊಂತಿಯ ಆ ಮನೆಯ ವಿಳಾಸ ಬೇಕಂತೆ. ಕಳಿಸಿದೆ. ಜೊತೆಗೆ ಸೂಟ್‌ಕೇಸಿನ ಹಿಡಿ ಒಳಗೆ ತಳ್ಳಿ ಲಿಫ್ಟ್ ಬಾಗಿಲು ಎಳೆಯಿರಿ ಎಂದೂ ಬರೆದೆ. ಕೊಲೋಸಿಯಂ ಟಿಕೆಟ್ ಹೇಗೆ ಸಿಕ್ಕಿತು ಎಂದು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.